ತೆರಿಗೆ ಕಚೇರಿಯ ಕರೆ: ಹೆದರುವುದೂ ಬೇಡ, ಉದಾಸೀನವೂ ಬೇಡ

ಅಡಿಕೆ ಕೊಯ್ಲು ಮುಗಿದು, ರಾಶಿ, ಬೆಟ್ಟೆ, ಸರಕು ಮಂಡಿಗೆ ಹೋಗಿ, ಲೆಕ್ಕದ ಹಣ ಬ್ಯಾಂಕಿನ ಖಾತೆಗೆ ಜಮೆಯಾಗುವ ದಿನಗಳಲ್ಲಿ ಮನೆಗೆ ಬರುವ ದೂರವಾಣಿ ಕರೆಗಳ ವಿಷಯದಲ್ಲಿ ನಮ್ಮ ಬೆಳೆಗಾರರಲ್ಲಿ ಎರಡು ಬಗೆಯವರಿದ್ದಾರೆ. "ಆದಾಯ ತೆರಿಗೆ ಇಲಾಖೆಯಿಂದ ಮಾತಾಡುತ್ತಿದ್ದೇವೆ" ಎಂದರೆ ಸಾಕು, ಕೈಕಾಲು ನಡುಗಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುವವರು ಒಂದು ಬಗೆ. ಇಲಾಖೆ ಫೋನು ಮಾಡುವುದೇ ಇಲ್ಲ, ಬಂದದ್ದೆಲ್ಲ ಮೋಸ ಎಂದು ಅಂಚೆಯಲ್ಲಿ ಬಂದ ಕಾಗದವನ್ನೂ ಒಡೆಯದೆ ಅಟ್ಟಕ್ಕೆ ಎಸೆಯುವವರು ಇನ್ನೊಂದು ಬಗೆ. ಇವೆರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಎರಡನೆಯದು ಜಾಣತನದಂತೆ ತೋರುವುದರಿಂದ ಅದರ ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ.

ಇಲಾಖೆಯಿಂದ ಕರೆ ಬರುವುದುಂಟು. ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರ ಬೆಂಗಳೂರಿನಲ್ಲಿದೆ. ಹಳೆಯ ತೆರಿಗೆ ಬಾಕಿಗಳ ವಿಚಾರ ನೋಡಿಕೊಳ್ಳಲು ಮೈಸೂರಿನಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ಬಾಕಿ ಇದ್ದವರಿಗೆ ನೆನಪಿಸುವುದು, ಉತ್ತರ ಕೊಡಿರೆಂದು ಹೇಳುವುದು ಅವರ ಕೆಲಸ. 2009-10ರವರೆಗಿನ 25,000 ರೂಪಾಯಿವರೆಗಿನ ಹಾಗೂ 2010-11ರಿಂದ 2014-15ರವರೆಗಿನ 10,000 ರೂಪಾಯಿವರೆಗಿನ ಹಳೆಯ ತಗಾದೆಗಳನ್ನು ಕೈಬಿಡುವುದಾಗಿ 2024ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿ ಸಾರಿದಾಗಲೇ, ಇಂಥ ಸಣ್ಣಪುಟ್ಟ ಬಾಕಿಗಳು ಎಷ್ಟು ಜನರ ಹೆಸರಿನಲ್ಲಿ ಕುಳಿತಿದ್ದವೆಂಬುದು ತಿಳಿಯಿತು. ಮೋಸಗಾರನಿಗೆ ಈ ಅನುಮಾನವೇ ಬಂಡವಾಳ. "ಹತ್ತು ವರ್ಷದ ಹಿಂದಿನ ಬಾಕಿ" ಎಂದರೆ ಇಲ್ಲವೆಂದು ಎದೆ ತಟ್ಟಿ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ?

"ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ನಮಗೇಕೆ ಕರೆ?" ಎಂದು ಕೇಳುವವರಿದ್ದಾರೆ. ಕೇಂದ್ರದ ಆದಾಯ ತೆರಿಗೆಯಲ್ಲಿ ವಿನಾಯಿತಿ ಇರುವುದು ನಿಜ. ಆದರೆ ತಾನು ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಲಾಭದಲ್ಲಿ ಶೇಕಡಾ 25 ಭಾಗ ವ್ಯಾಪಾರದ ಆದಾಯವೆಂದು ಲೆಕ್ಕ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೋ ಕಾಗದದ ಕಾರ್ಖಾನೆಯಲ್ಲೋ ದುಡಿದು ನಿವೃತ್ತರಾಗಿ ಎರಡೆಕರೆ ಅಡಿಕೆ ಮಾಡಿಕೊಂಡವರು, ಪಿಂಚಣಿ ಬಡ್ಡಿಗಳ ಆದಾಯ ಮಿತಿ ಮೀರಿದ್ದರೆ, ತೋಟದ ಆದಾಯವನ್ನೂ ರಿಟರ್ನಿನಲ್ಲಿ ಕಾಣಿಸಬೇಕು. ತೆರಿಗೆಯ ದರ ಗೊತ್ತುಮಾಡುವಾಗ ಅದನ್ನು ಸೇರಿಸಿ ನೋಡುತ್ತಾರೆ. ಇನ್ನು ಜಮೀನಿನ ಮಾತು. ಒಂದು ಲಕ್ಷಕ್ಕೆ ಮೇಲ್ಪಟ್ಟು ಹತ್ತು ಲಕ್ಷದೊಳಗೆ ಜನಸಂಖ್ಯೆಯುಳ್ಳ ಊರಿನ ಗಡಿಯಿಂದ ನೇರ ಅಳತೆಯಲ್ಲಿ 6 ಕಿಲೋಮೀಟರಿನೊಳಗಿನ ಸಾಗುವಳಿ ಭೂಮಿಯನ್ನು ಮಾರಿದರೆ ಆ ಲಾಭಕ್ಕೆ ಕೃಷಿಭೂಮಿಯ ವಿನಾಯಿತಿ ಇಲ್ಲ. 2011ರ ಜನಗಣತಿಯಂತೆ ಶಿವಮೊಗ್ಗದಲ್ಲಿ 3 ಲಕ್ಷ 22 ಸಾವಿರ, ಭದ್ರಾವತಿಯಲ್ಲಿ 1 ಲಕ್ಷ 51 ಸಾವಿರ ಜನ. ಎರಡು ಊರಿನ ಸುತ್ತಲ ಎಷ್ಟು ಗದ್ದೆ, ತೋಟಗಳು ಲೇಔಟಾದವೆಂಬುದನ್ನು ನಾನು ಹೇಳಬೇಕಾಗಿಲ್ಲ. ದೊಡ್ಡ ಮೊತ್ತದ ಕ್ರಯಪತ್ರಗಳ ವಿವರ ನೋಂದಣಿ ಕಚೇರಿಯಿಂದ ಇಲಾಖೆಗೆ ಹೋಗುತ್ತದೆ. ಅಂಥವರಿಗೆ ನೋಟೀಸು ಬಂದರೆ ಅದು ಮೋಸವಲ್ಲ. ಉತ್ತರ ಕೊಡದೆ ಕುಳಿತರೆ ದಂಡ, ಬಡ್ಡಿ ಅವರ ಪಾಲಿಗೇ. ರಿಟರ್ನಿನ ದೋಷ ತಿದ್ದುವುದಕ್ಕೆ ಸಾಮಾನ್ಯವಾಗಿ ಕೊಡುವ ಅವಧಿ 15 ದಿನ ಮಾತ್ರ.

ಜಿ.ಎಸ್.ಟಿ. ಹೆಸರಿನ ಕರೆಯ ಕಥೆ ಬೇರೆ. ಸ್ವಂತ ಸಾಗುವಳಿಯ ಫಸಲನ್ನಷ್ಟೇ ಮಾರುವ ಕೃಷಿಕನು ನೋಂದಣಿ ಮಾಡಿಸಬೇಕಾಗಿಲ್ಲವೆಂದು ಕಾಯಿದೆಯ 23ನೇ ಕಲಮು ಹೇಳುತ್ತದೆ. ನಂಬರೇ ಇಲ್ಲದವನಿಗೆ "ನಿಮ್ಮ ಜಿ.ಎಸ್.ಟಿ. ನಂಬರು ರದ್ದಾಗುತ್ತದೆ, ಈಗಲೇ ಹಣ ಕಟ್ಟಿ" ಎಂದರೆ ನಗಬೇಕಷ್ಟೆ.

ಹಾಗಾದರೆ ಗುರುತಿಸುವುದು ಹೇಗೆ? ಧ್ವನಿಯ ಗತ್ತಿನಿಂದ ಸಾಧ್ಯವಿಲ್ಲ. ನಮ್ಮ ಹೆಸರು, ಪ್ಯಾನ್ ಸಂಖ್ಯೆ ಹೇಳಿದನೆಂಬುದರಿಂದಲೂ ಇಲ್ಲ. ಅವು ಹತ್ತಾರು ಕಡೆ ಬಿದ್ದಿರುತ್ತವೆ. ಪರದೆಯ ಮೇಲೆ ಇಲಾಖೆಯ ಹೆಸರು ಮೂಡಿದರೂ ನಂಬುವಂತಿಲ್ಲ. ನೋಡಬೇಕಾದದ್ದು ಒಂದನ್ನೇ: ಅವನು ಕೆಲಸವನ್ನು ಫೋನಿನಲ್ಲೇ ಮುಗಿಸಲು ಹೊರಟಿದ್ದಾನೆಯೇ? ನಿಜವಾದ ಕರೆ ನಿಮ್ಮನ್ನು ಕಾಗದಕ್ಕೋ ಇಲಾಖೆಯ ಜಾಲತಾಣದಲ್ಲಿರುವ ನಿಮ್ಮದೇ ಖಾತೆಗೋ ಕಳಿಸುತ್ತದೆ. ನಾಳೆ ನೋಡುತ್ತೇನೆಂದರೆ ಅಡ್ಡಿಯಿಲ್ಲ. ಮೋಸದ ಕರೆಗೆ ನಾಳೆಯಿಲ್ಲ. ಸಂಜೆಯೊಳಗೆ ಬಂಧನ, ಖಾತೆ ಮುಟ್ಟುಗೋಲು. ಇಲ್ಲವೆ ಸಿಹಿಮಾತಿನ ರೀಫಂಡು. ಯು.ಪಿ.ಐ.ಗೆ ಹಣ ಹಾಕಿ, ವಾಟ್ಸಾಪಿನಲ್ಲಿ ಕಳಿಸಿದ ಆ್ಯಪ್ ಹಾಕಿಕೊಳ್ಳಿ, ಓ.ಟಿ.ಪಿ. ಹೇಳಿ ಎನ್ನುತ್ತಾನೆ. ತೆರಿಗೆ ಸೇರುವುದು ಚಲನ್ ಮೂಲಕ ಸರ್ಕಾರದ ಖಾತೆಗೆ, ಯಾವನದೋ ಫೋನ್ ನಂಬರಿಗಲ್ಲ. ರೀಫಂಡು ಬರುವುದು ನೀವು ಮೊದಲೇ ದೃಢಪಡಿಸಿದ ಬ್ಯಾಂಕ್ ಖಾತೆಗೆ; ಅದಕ್ಕೆ ಯಾರಿಗೂ ಓ.ಟಿ.ಪಿ. ಹೇಳಬೇಕಾಗಿಲ್ಲ.

2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ನೋಟೀಸು, ಆದೇಶ, ಪತ್ರಗಳ ಮೇಲೆ ಕಂಪ್ಯೂಟರಿನಿಂದ ಹುಟ್ಟಿದ ದಾಖಲೆ ಗುರುತಿನ ಸಂಖ್ಯೆ, ಅಂದರೆ ಡಿ.ಐ.ಎನ್., ಇರಬೇಕೆಂಬ ನಿಯಮವಿದೆ. ಅಪರೂಪದ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಕರೆ ಮಾಡಿದವನಿಂದ ಆ ಸಂಖ್ಯೆ ಕೇಳಿ ಬರೆದುಕೊಂಡು ಫೋನಿಡಿ. ಆಮೇಲೆ ಇಲಾಖೆಯ ಜಾಲತಾಣದ ಮೊದಲ ಪುಟದಲ್ಲೇ ಅದು ನಿಜವೋ ಸುಳ್ಳೋ ನೋಡಬಹುದು, ಲಾಗಿನ್ ಬೇಕಿಲ್ಲ. ಅಲ್ಲಿ ಮೊಬೈಲಿಗೆ ಒಂದು ಓ.ಟಿ.ಪಿ. ಬರುತ್ತದೆ. ಅದನ್ನು ಜಾಲತಾಣದಲ್ಲಿ ನಾವೇ ತುಂಬುವುದು ಬೇರೆ, ಫೋನಿನಲ್ಲಿರುವವನ ಕಿವಿಗೆ ಹೇಳುವುದು ಬೇರೆ. ಅವನು ಕಳಿಸಿದ ಕೊಂಡಿ ಒತ್ತಿ ಹೋದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಜಾಲತಾಣದ ಗೊಡವೆ ಬೇಡವೆನ್ನುವವರು ಇಲಾಖೆಯ ಸಹಾಯವಾಣಿ 1800 103 0025ಕ್ಕೆ ಕೇಳಬಹುದು, ಶಿವಮೊಗ್ಗದ ಆದಾಯ ತೆರಿಗೆ ಕಚೇರಿಗೇ ಹೋಗಿಬರಬಹುದು. ಬಸ್ಸಿನ ಖರ್ಚು ದೊಡ್ಡದೇನಲ್ಲ.

ನನಗೆ ಹೆಚ್ಚು ಚಿಂತೆಯಿರುವುದು ಒಂಟಿ ಮನೆಗಳ ಬಗೆಗೆ. ಮಕ್ಕಳು ಬೆಂಗಳೂರಿನಲ್ಲಿ, ತೋಟದ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ, ಹತ್ತಿರದ ಮನೆ ಅರ್ಧ ಮೈಲಿ. "ಯಾರಿಗೂ ಹೇಳಬೇಡಿ, ಕ್ಯಾಮೆರಾ ಮುಂದೆಯೇ ಕೂತಿರಿ" ಎಂಬ ಬೆದರಿಕೆ ಇಂಥಲ್ಲಿ ನಾಟುತ್ತದೆ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರು ಈ "ಡಿಜಿಟಲ್ ಅರೆಸ್ಟ್" ಎಂಬುದು ಕಾನೂನಿನಲ್ಲೇ ಇಲ್ಲವೆಂದು ಹೇಳಿದರು. ಆದರೂ ಮರ್ಯಾದೆಗೆ ಅಂಜಿ ಬಾಯಿ ಬಿಡದವರು ನಮ್ಮಲ್ಲಿ ಹೆಚ್ಚು. ಹಣ ಹೋದದ್ದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಕಳ್ಳನು ತೆಗೆಯುವ ಮೊದಲು ಬ್ಯಾಂಕಿನಲ್ಲಿ ತಡೆಯುವ ಅವಕಾಶ ಆ ಮೊದಲ ಗಂಟೆಗಳಲ್ಲೇ ಹೆಚ್ಚು. ಅನಂತರ ಸಿ.ಇ.ಎನ್. ಪೊಲೀಸ್ ಠಾಣೆ.

ಈ ವಿಚಾರದಲ್ಲಿ ಸಂಘವೂ ಕೈಕಟ್ಟಿ ಕೂರಬಾರದು. ಗೊಬ್ಬರ, ಮೈಲುತುತ್ತ ಕೊಡುವ ಕೌಂಟರಿನ ಪಕ್ಕದಲ್ಲೇ ವಾರಕ್ಕೆ ಒಂದು ದಿನ, ಸದಸ್ಯರು ತಂದ ನೋಟೀಸಿನ ಸಂಖ್ಯೆಯನ್ನು ಅವರೆದುರೇ ಪರಿಶೀಲಿಸಿ ಹೇಳಲು ಒಬ್ಬ ಗುಮಾಸ್ತರನ್ನು ಕೂರಿಸಿದರೆ ಖರ್ಚೇನೂ ಬರುವುದಿಲ್ಲ. ಗುಪ್ತ ಸಂಖ್ಯೆ, ಪಾಸ್‌ವರ್ಡುಗಳನ್ನು ಅವರೂ ಕೇಳಬಾರದು, ಸದಸ್ಯರೂ ಹೇಳಬಾರದು. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಕಾರ್ಯದರ್ಶಿಗಳನ್ನು ಕೋರುತ್ತೇನೆ.