ಶತ್ರುವಿನ ವಶದಲ್ಲಿದ್ದವರ ಹಸಿವು

1941ರಲ್ಲಿ ಜರ್ಮನಿ, ಇಟಲಿ ಮತ್ತು ಬಲ್ಗೇರಿಯದ ಸೇನೆಗಳು ಗ್ರೀಸ್ ದೇಶವನ್ನು ಆಕ್ರಮಿಸಿಕೊಂಡವು. ಸೈನಿಕರು ದವಸವನ್ನು ಕಸಿದುಕೊಂಡರು; ಶತ್ರುವಿಗೆ ಆಹಾರ ದೊರೆಯಬಾರದೆಂದು ಬ್ರಿಟನ್ ಸಮುದ್ರಮಾರ್ಗವನ್ನು ತಡೆಯಿತು. ಇವೆರಡರ ನಡುವೆ ಸಿಕ್ಕಿ ನರಳಿದವರು ಜನಸಾಮಾನ್ಯರು. ಆ ಚಳಿಗಾಲದಲ್ಲಿ ಅಥೆನ್ಸ್ ನಗರದ ಬೀದಿಗಳಲ್ಲಿ ಜನ ಹಸಿವಿನಿಂದ ಕುಸಿದು ಸತ್ತರು.

1942ರ ಅಕ್ಟೋಬರ್‌ನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸೇಂಟ್ ಮೇರಿ ಚರ್ಚಿನ ಹಳೆಯ ಗ್ರಂಥಾಲಯದಲ್ಲಿ ಕೆಲವರು ಸಭೆ ಸೇರಿ, ಪರಿಹಾರ ಸಮಿತಿಯೊಂದನ್ನು ರಚಿಸಿದರು. ಗ್ರೀಕ್ ಪ್ರಾಧ್ಯಾಪಕರಾಗಿ ನಿವೃತ್ತರಾಗಿದ್ದ ಗಿಲ್ಬರ್ಟ್ ಮರ್ರೆ ಅದರ ಸ್ಥಾಪಕರಲ್ಲೊಬ್ಬರು. ಗ್ರೀಕ್ ನಾಟಕಗಳನ್ನು ಇಂಗ್ಲಿಷಿಗೆ ತಂದಿದ್ದ ಆ ವೃದ್ಧರಿಗೆ ಅಥೆನ್ಸ್ ಕೇವಲ ಪುಸ್ತಕದೊಳಗಿನ ಊರಾಗಿರಲಿಲ್ಲ.

ಹಣ ಕೂಡಿಸುವುದು ಅಷ್ಟೇನೂ ಕಷ್ಟವಲ್ಲ. ನಾನು ಮೆಚ್ಚುವುದು ಬೇರೊಂದನ್ನು. ಅವರು ಶತ್ರುವನ್ನು ದೂರಿ ಸುಮ್ಮನಾಗಲಿಲ್ಲ. ಆಗಲೇ ಸ್ವೀಡನ್ನಿನ ಹಡಗುಗಳಲ್ಲಿ ಗೋಧಿ ಹೋಗತೊಡಗಿತ್ತು. ಅದು ಸಾಲದು, ಇನ್ನಷ್ಟು ಬಿಡಿರೆಂದು ಯುದ್ಧದ ನಡುವೆಯೇ ತಮ್ಮ ಸರ್ಕಾರವನ್ನು ಒತ್ತಾಯಿಸಿದರು. ಕಳುಹಿಸಿದ ಅನ್ನ ಶತ್ರುವಿನ ಹೊಟ್ಟೆ ಸೇರೀತೆಂಬ ಶಂಕೆ ನಿರಾಧಾರವೇನೂ ಆಗಿರಲಿಲ್ಲ. ಆದರೆ ಒಂದು ಶಂಕೆಗಾಗಿ ಹಸುಳೆಗಳನ್ನು ಉಪವಾಸ ಕೆಡವಬಹುದೆ? ಕೂಡದೆಂಬುದೇ ಅವರ ನಿಲುವು, ನನ್ನದೂ ಅದೇ.

ಆ ಸಮಿತಿಯೇ ಮುಂದೆ ಆಕ್ಸ್‌ಫ್ಯಾಮ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು.