ಫೆಲಿಕ್ಸನ ಹೆಂಡತಿಯಷ್ಟೇ ಅಲ್ಲ

ನಾಜಿಗಳು ಕೊಂದ ಅರವತ್ತು ಲಕ್ಷ ಯಹೂದಿಗಳಲ್ಲಿ ನಮಗೆ ಹೆಸರು ಹಿಡಿದು ಗೊತ್ತಿರುವವರು ಯಾರು? ದಿನಚರಿ ಬರೆದವರು, ಚಿತ್ರ ಬರೆದವರು, ಸಂಗೀತ ಕಟ್ಟಿದವರು. ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ನಿಲುಕದ್ದರಿಂದ ಹೀಗೆ ಕೆಲವರನ್ನು ಆರಿಸಿಕೊಳ್ಳುತ್ತೇವೆ. ಆದರೆ ನೆನಪಿನಲ್ಲಿ ಉಳಿಯಲು ಪ್ರತಿಭೆಯೇ ಅರ್ಹತೆ ಎಂದಾದರೆ, ಒಂದೇ ಮನೆಯಲ್ಲಿ ಬಾಳಿದ ಇಬ್ಬರ ನಡುವೆಯೂ ನಾವು ಗೆರೆ ಎಳೆದುಬಿಡುತ್ತೇವೆ.

ಫೆಲಿಕ್ಸ್ ನುಸ್‌ಬಾಮ್ ಮತ್ತು ಫೆಲ್ಕಾ ಪ್ಲಾಟೆಕ್ ಇಬ್ಬರೂ ಚಿತ್ರಕಲಾವಿದರು. ಆತ 1904ರಲ್ಲಿ ಜರ್ಮನಿಯ ಓಸ್ನಾಬ್ರುಕ್‌ನಲ್ಲಿ ಹುಟ್ಟಿದವನು. ಆಕೆ ಐದು ವರ್ಷ ಹಿರಿಯಳು, ವಾರ್ಸಾದವಳು. ಬರ್ಲಿನ್‌ನಲ್ಲಿ ಕಲೆ ಕಲಿಯುವಾಗ ಜೊತೆಯಾದರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ತಾಯ್ನಾಡಿನ ಬಾಗಿಲು ಮುಚ್ಚಿತು. 1935ರಲ್ಲಿ ಬೆಲ್ಜಿಯಂ ಸೇರಿದರು, 1937ರಲ್ಲಿ ಬ್ರಸೆಲ್ಸ್‌ನಲ್ಲಿ ಮದುವೆಯಾದರು.

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿದಾಗ ಅಲ್ಲಿನ ಅಧಿಕಾರಿಗಳು ಫೆಲಿಕ್ಸನನ್ನು ಬಂಧಿಸಿದರು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವನು ಅವರ ಕಾಗದಪತ್ರದಲ್ಲಿ ಶತ್ರುದೇಶದ ಜರ್ಮನ್ ಪ್ರಜೆ! ದಕ್ಷಿಣ ಫ್ರಾನ್ಸಿನ ಸೇಂಟ್ ಸಿಪ್ರಿಯನ್ ಶಿಬಿರಕ್ಕೆ ಕಳಿಸಿದರು. ಅವನು ಪಾರಾದ. ಪಾರಾಗಿ ಹೋದದ್ದು ನಾಜಿಗಳ ಹಿಡಿತದಲ್ಲಿದ್ದ ಬ್ರಸೆಲ್ಸ್‌ಗೇ. ಅಲ್ಲಿ ಫೆಲ್ಕಾ ಇದ್ದಳು. ಕಲಾಚರಿತ್ರೆಗಳು ಈ ಮರಳುವಿಕೆಯನ್ನು ಚಿತ್ರಗಾರನ ಬದುಕಿನ ಒಂದು ಘಟ್ಟವಾಗಿ ದಾಖಲಿಸುತ್ತವೆ. ನನಗೆ ಮಾತ್ರ ಅದು ಮೊದಲು ಒಂದು ದಾಂಪತ್ಯದ ಸಂಗತಿ.

ಮುಂದಿನ ವರ್ಷಗಳಲ್ಲಿ ಗೆಳೆಯರ ನೆರವಿನಿಂದ ಅಡಗಿಕೊಂಡು ಬದುಕಿದರು. ಕೈಯಲ್ಲಿ ಯಹೂದಿ ಗುರುತುಚೀಟಿ ಹಿಡಿದ ಆತನ ಪ್ರಸಿದ್ಧ ಸ್ವಚಿತ್ರ ಮೂಡಿದ್ದು ಆಗಲೇ. 1944ರ ಜೂನ್‌ನಲ್ಲಿ ಅಟ್ಟದ ಅಡಗುತಾಣದಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಜುಲೈ 31ರಂದು ಬೆಲ್ಜಿಯಂನ ಮೆಖೆಲೆನ್‌ನಿಂದ ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಹೊರಟ ರೈಲಿಗೆ ಅವರನ್ನು ತುಂಬಿದರು. ಅಲ್ಲಿಂದ ಆಶ್ವಿಟ್ಜ್‌ಗೆ ಹೋದ ಕೊನೆಯ ಸಾಗಣೆ ಅದು. ಇಬ್ಬರೂ ಹಿಂತಿರುಗಲಿಲ್ಲ. ಸೆಪ್ಟೆಂಬರ್ 3ರಂದು ಬ್ರಸೆಲ್ಸ್ ನಾಜಿಗಳಿಂದ ಬಿಡುಗಡೆಯಾಯಿತು.

ಫೆಲಿಕ್ಸನ ಚಿತ್ರಗಳಿಗಾಗಿ ಓಸ್ನಾಬ್ರುಕ್‌ನಲ್ಲಿ ಡೇನಿಯಲ್ ಲಿಬೆಸ್ಕಿಂಡ್ ವಿನ್ಯಾಸದ ವಸ್ತುಸಂಗ್ರಹಾಲಯ 1998ರಲ್ಲಿ ತೆರೆಯಿತು. ಫೆಲ್ಕಾಳ ಕೃತಿಗಳಲ್ಲಿ ಉಳಿದವು ಕೆಲವೇ. ಹೆಚ್ಚಿನ ಬರಹಗಳಲ್ಲಿ ಆಕೆ ಬರುವುದು 'ಪತ್ನಿ' ಎಂಬ ಒಂದು ಮಾತಿನಲ್ಲಿ.

ಫೆಲಿಕ್ಸನ ಕಲೆ ಇಲ್ಲದಿದ್ದರೆ ಫೆಲ್ಕಾಳ ಹೆಸರೂ ನಮಗೆ ತಲುಪುತ್ತಿರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಅವನ ಚಿತ್ರಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಕೊಂದವರು ಇವರ ಕಲೆಯನ್ನು ತೂಗಿ ನೋಡಲಿಲ್ಲ, ಇಬ್ಬರನ್ನೂ ಒಂದೇ ರೈಲಿಗೆ ತುಂಬಿದರು. ಅಪರಾಧದ ಮುಂದೆ ಅವರು ಸಮಾನರಾಗಿದ್ದರೆ, ನ್ಯಾಯದ ಮುಂದೆ ಏಕೆ ಆಗಬಾರದು?

ಜೆರುಸಲೇಮಿನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆ ದಶಕಗಳಿಂದ ಸಂಗ್ರಹಿಸುತ್ತಿರುವ ಸಾಕ್ಷ್ಯಪುಟಗಳು ಈ ದೃಷ್ಟಿಯಿಂದ ನನಗೆ ದೊಡ್ಡ ಕೆಲಸವಾಗಿ ಕಾಣುತ್ತವೆ. ಸತ್ತ ಪ್ರತಿಯೊಬ್ಬರಿಗೂ ಒಂದು ಪುಟ: ಹೆಸರು, ಹುಟ್ಟಿದ ಊರು, ತಂದೆತಾಯಿ, ಕಸುಬು, ಸಂಗಾತಿ. ದರ್ಜಿಗೂ ಪ್ರೊಫೆಸರಿಗೂ ಅಷ್ಟೇ ಜಾಗ. ಅದೇ ಅಳತೆಯನ್ನು ಪುಸ್ತಕಗಳೂ ಪ್ರದರ್ಶನಗಳೂ ಪಾಲಿಸಲಿ. ಫೆಲಿಕ್ಸನ ಬಗ್ಗೆ ಬರೆಯುವವರು ಫೆಲ್ಕಾ ಎಲ್ಲಿ ಕಲಿತಳು, ಏನು ಬರೆದಳು, ಆತ ಶಿಬಿರದಲ್ಲಿದ್ದಾಗ ಹೇಗೆ ದಿನ ದೂಡಿದಳು ಎಂದು ಹುಡುಕಿ ಬರೆಯಲಿ. ಸಿಕ್ಕಿದ್ದು ನಾಲ್ಕೇ ಸಾಲಾದರೂ ಅವು ಆಕೆಯ ಹೆಸರಿನ ಕೆಳಗೇ ಅಚ್ಚಾಗಲಿ.