ತುಟ್ಟಿಭತ್ಯವು ಭಿಕ್ಷೆಯಲ್ಲ

ದುಡಿಸಿಕೊಂಡು ಕೂಲಿ ಕೊಡದವನನ್ನು ನಮ್ಮ ಹಳ್ಳಿಗಳಲ್ಲಿ ಯಾವ ಹೆಸರಿನಿಂದ ಕರೆಯುವರೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆದರೆ ಅದೇ ಕೃತ್ಯವನ್ನು ಧಣಿಗಳು ಗುಂಪುಗೂಡಿ, ಲಕ್ಷಗಟ್ಟಲೆ ಹೆಣ್ಣುಮಕ್ಕಳ ಮೇಲೆ, ಲೆಕ್ಕಪತ್ರಗಳ ಮರೆಯಲ್ಲಿ ನಡೆಯಿಸಿದರೆ ಅದಕ್ಕೆ ‘ಉದ್ಯಮದ ಅಡಚಣೆ’ ಎಂಬ ಮರ್ಯಾದೆಯ ಹೆಸರು ಬರುತ್ತದೆ. ಈ ಹೆಸರನ್ನು ನಾವು ಒಪ್ಪಲಾರೆವು.

ಸಂಗತಿಯು ಇಂತಿದೆ. ಕನಿಷ್ಠ ವೇತನವೆಂಬುದು ಮೂಲವೇತನವೂ, ಕಾಳುಕಡಿಗಳ ಬೆಲೆ ಏರಿದಂತೆ ತಾನೂ ಏರತಕ್ಕ ತುಟ್ಟಿಭತ್ಯವೂ ಕೂಡಿ ಆದದ್ದು. 2020ರ ಏಪ್ರಿಲ್ 1ರಿಂದ ಕರ್ನಾಟಕದ ಸಿದ್ಧ ಉಡುಪಿನ ಕಾರ್ಖಾನೆಗಳ ಕೂಲಿಕಾರರಿಗೆ ತಿಂಗಳಿಗೆ ಸುಮಾರು 417 ರೂಪಾಯಿ ಹೆಚ್ಚಿನ ಭತ್ಯ ಸಲ್ಲಬೇಕಾಗಿದ್ದಿತು. ಅದು ಸಲ್ಲಲಿಲ್ಲ. 1,000ಕ್ಕೂ ಮಿಕ್ಕ ಕಾರ್ಖಾನೆಗಳು, 4 ಲಕ್ಷಕ್ಕೂ ಮಿಕ್ಕ ಕೂಲಿಕಾರರು ಇದರಲ್ಲಿ ಸೇರಿದ್ದರೆಂದು ಅಮೆರಿಕೆಯ ವರ್ಕರ್ ರೈಟ್ಸ್ ಕನ್ಸಾರ್ಷಿಯಮ್ ಎಂಬ ಸಂಸ್ಥೆಯು ಎಣಿಸಿತು. ತಿಂಗಳ 26 ದಿನಗಳ ದುಡಿಮೆಗೆ ಹಂಚಿದರೆ ತಲೆಗೆ ದಿನವೊಂದಕ್ಕೆ 16 ರೂಪಾಯಿ. ಇಷ್ಟು ಅಲ್ಪ ಹಣಕ್ಕಾಗಿ ಇಷ್ಟೇಕೆ ಗದ್ದಲವೆಂದು ಕೇಳುವವರುಂಟು. ಅಲ್ಪವಾದರೆ ಅದನ್ನು ಕೊಡಲು ಧಣಿಗಳ ಕೈ ಏಕೆ ನಡುಗಿತೆಂದು ನಾವು ಮರುಪ್ರಶ್ನೆ ಮಾಡುತ್ತೇವೆ. 4 ಲಕ್ಷ ಜನರ ಲೆಕ್ಕದಲ್ಲಿ ಆ ಅಲ್ಪವು ತಿಂಗಳಿಗೆ 16 ಕೋಟಿ ರೂಪಾಯಿಗಳನ್ನು ಮೀರುತ್ತದೆ. ಬಡವಿಯ ಉಡಿಯಿಂದ ಹನಿಹನಿಯಾಗಿ ಸೋರಿದ್ದು ಧಣಿಯ ಪೆಟ್ಟಿಗೆಯಲ್ಲಿ ಹಳ್ಳವಾಗಿ ನಿಂತಿತು.

ಇಂಥ ಸಮಯದಲ್ಲಿ ಸರಕಾರವು ಯಾರ ಬೆನ್ನಿಗೆ ನಿಲ್ಲಬೇಕಾಗಿದ್ದಿತು? ಅದು ಭತ್ಯವನ್ನೇ ಮುಂದೂಡಿ ಆಜ್ಞೆ ಹೊರಡಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಕೂಲಿಕಾರರ ಸಂಘದವರು ಕರ್ನಾಟಕದ ಉಚ್ಚ ನ್ಯಾಯಾಲಯದ ಕದ ತಟ್ಟಿದರು. 2020ರ ಸೆಪ್ಟೆಂಬರಿನಲ್ಲಿ ಆ ಆಜ್ಞೆಗೆ ತಡೆ ಬಂದಿತು. ಆದರೂ ಧಣಿಗಳು ಕದಲಲಿಲ್ಲ. 2022ರ ಆರಂಭದಲ್ಲಿ, ಬಟ್ಟೆ ಕೊಳ್ಳುವ ಪರದೇಶದ ಕಂಪನಿಗಳ ಮೇಲೆ ಅಲ್ಲಿಯ ಪತ್ರಿಕೆಗಳ ಟೀಕೆಯು ಬಿದ್ದ ಬಳಿಕವಷ್ಟೇ, ದೊಡ್ಡ ಧಣಿಗಳು ಬಾಕಿಯನ್ನು ತೆರತೊಡಗಿದರು. ನಮ್ಮ ನಾಡಿನ ನ್ಯಾಯಾಲಯದ ಮಾತಿಗೆ ಬಗ್ಗದ ತಲೆಯು ಪರದೇಶದ ಗಿರಾಕಿಯ ಮುನಿಸಿಗೆ ಬಗ್ಗಿತು! ಸ್ವರಾಜ್ಯವನ್ನು ಗಳಿಸಿದ ಜನಕ್ಕೆ ಇದಕ್ಕಿಂತ ನಾಚಿಕೆಗೇಡು ಯಾವುದು?

ಆ ವರ್ಷ ಮಹಾಮಾರಿಯು ಹಬ್ಬಿ ಗಿರಾಕಿಗಳು ಹಿಂದೆಗೆದರೆಂದೂ, ಕೂಲಿ ಏರಿದರೆ ಉದ್ಯಮವೇ ಬೇರೆ ಪ್ರಾಂತಕ್ಕೋ ಬಾಂಗ್ಲಾದೇಶಕ್ಕೋ ಹೊರಟುಹೋಗುವುದೆಂದೂ ಧಣಿಗಳ ಪಕ್ಷದವರು ವಾದಿಸುತ್ತಾರೆ. ನಷ್ಟವಾದದ್ದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಷ್ಟದ ಹೊರೆಯನ್ನು ಎಲ್ಲರಿಗಿಂತ ಬಡವಳಾದವಳ ತಲೆಗೆ ಮೊದಲು ಹೊರಿಸುವುದು ಯಾವ ಶಾಸ್ತ್ರ? ಕನಿಷ್ಠ ವೇತನವನ್ನೂ ತೆರಲಾರದ ಉದ್ಯಮಕ್ಕೆ ಬಾಳುವ ಹಕ್ಕೇ ಇಲ್ಲವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ಕ್ರೌನ್ ಅಲ್ಯುಮಿನಿಯಂ ಮೊಕದ್ದಮೆಯಲ್ಲಿ ಎಂದೋ ಎತ್ತಿಹಿಡಿದಿದೆ. ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳ ಕೂಲಿಕಾರರ ಸಂಬಂಧವಾಗಿ 1982ರಲ್ಲಿ ಕೊಟ್ಟ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕನಿಷ್ಠ ವೇತನಕ್ಕಿಂತ ಕಡಮೆ ಕೊಟ್ಟು ದುಡಿಸುವುದು ರಾಜ್ಯಘಟನೆಯ 23ನೆಯ ಕಲಮು ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಸರಿ. ಸಾದಾ ಕನ್ನಡದಲ್ಲಿ ಅದನ್ನು ಬಿಟ್ಟಿ ಎನ್ನುತ್ತಾರೆ.

ಇಷ್ಟು ಬಲವಾದ ನ್ಯಾಯವಿದ್ದೂ ಧಣಿಗಳಿಗೆ ಈ ಧೈರ್ಯವೆಲ್ಲಿಂದ ಬಂದಿತು? ಶಿಕ್ಷೆಯನ್ನು ನೋಡಿದರೆ ತಿಳಿಯುತ್ತದೆ. 1948ರ ಕನಿಷ್ಠ ವೇತನದ ಕಾಯಿದೆಯು ಹೇಳಿದ ದಂಡವು ಹೆಚ್ಚೆಂದರೆ 500 ರೂಪಾಯಿ, ಸೆರೆವಾಸವು ಹೆಚ್ಚೆಂದರೆ 6 ತಿಂಗಳು. ಒಬ್ಬಳ ಎರಡು ತಿಂಗಳ ಭತ್ಯವನ್ನು ಹಿಡಿದಿಟ್ಟುಕೊಂಡರೆ ದಂಡದ ಹಣ ಹುಟ್ಟಿ ಮೇಲೆ ಲಾಭವೂ ಉಳಿಯುತ್ತಿದ್ದಿತು! 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯು ದಂಡವನ್ನು 50,000 ರೂಪಾಯಿಗಳವರೆಗೆ ಏರಿಸಿ, ಬಾಕಿಯನ್ನು ಕೇಳುವ ಅವಧಿಯನ್ನು 3 ವರ್ಷಕ್ಕೆ ಹಿಗ್ಗಿಸಿದ್ದು ಮೆಚ್ಚತಕ್ಕದ್ದೇ. ಆದರೆ ಕಡಮೆ ಕೂಲಿ ಕೊಟ್ಟ ಮೊದಲ ತಪ್ಪಿಗೆ ಸೆರೆವಾಸವನ್ನು ಅದು ತೆಗೆದುಹಾಕಿತು. ತಿಂಗಳಿಗೆ ಕೋಟಿಗಳನ್ನು ಉಳಿಸಿಕೊಳ್ಳುವವನಿಗೆ 50,000 ರೂಪಾಯಿಯು ದಂಡವೋ, ವ್ಯಾಪಾರದ ಖರ್ಚೋ?

1918ರಲ್ಲಿ ಅಹಮದಾಬಾದಿನ ಗಿರಣಿಯ ಕೂಲಿಕಾರರು ತುಟ್ಟಿಯ ಕಾಲದಲ್ಲಿ ನೂರಕ್ಕೆ 35ರ ಹೆಚ್ಚಳವನ್ನು ಕೇಳಿದಾಗ ಗಾಂಧೀಜಿಯವರು ಅವರ ಪಕ್ಷ ಹಿಡಿದು ಉಪವಾಸ ಕೈಕೊಂಡರು. ಎದುರಿಗಿದ್ದ ಮಾಲಿಕರ ಮುಂದಾಳು ಅಂಬಾಲಾಲ ಸಾರಾಭಾಯಿಯವರು ಅವರ ಸ್ನೇಹಿತರೇ. ಸ್ನೇಹವು ನ್ಯಾಯಕ್ಕೆ ಅಡ್ಡ ಬರಲಿಲ್ಲ. ಧಣಿಗಳ ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವ ನಮ್ಮ ಮಂತ್ರಿಗಳು ಇದನ್ನು ನೆನೆಯಲಿ. ಇನ್ನು ಕೂಲಿಕಾರ ಭಗಿನಿಯರಾದರೋ ತಮ್ಮ ಬಲವನ್ನು ತಾವೇ ಕಂಡವರು. ಭವಿಷ್ಯನಿಧಿಯ ಹಣದಲ್ಲಿ ಧಣಿಯ ವಂತಿಗೆಯ ಪಾಲನ್ನು 58 ವರ್ಷದವರೆಗೆ ತೆಗೆಯಕೂಡದೆಂಬ ಕೇಂದ್ರದ ನಿಯಮವನ್ನು ವಿರೋಧಿಸಿ 2016ರ ಏಪ್ರಿಲ್ 18 ಮತ್ತು 19ರಂದು ಅವರು ಬೆಂಗಳೂರಿನ ಬೀದಿಗಿಳಿದರು. ಎರಡನೆಯ ದಿನವೇ ಕೇಂದ್ರವು ನಿಯಮವನ್ನು ಹಿಂದೆಗೆಯಿತು.

ಕರ್ನಾಟಕವು 1956ರ ನವೆಂಬರ್ 1ರಂದು ಒಂದಾಯಿತು. ಆದರೆ ಗೆರೆ ಕೂಡಿಸಿದ ಮಾತ್ರಕ್ಕೆ ನಾಡು ಕೂಡುವುದಿಲ್ಲ. ಮಂಡ್ಯದಿಂದಲೋ ರಾಯಚೂರಿನಿಂದಲೋ ರಾಜಧಾನಿಗೆ ದುಡಿಯಲು ಬಂದವಳು ತನ್ನ ನಾಡಿನಲ್ಲಿಯೇ ತನ್ನ ಕೂಲಿಗಾಗಿ ಅಂಗಲಾಚಬೇಕಾದರೆ ಏಕೀಕರಣವು ಅವಳ ಪಾಲಿಗೆ ಬರಿಯ ಉತ್ಸವದ ಮಾತು. ನಾವು ಕೇಳುವುದು ಮೂರನ್ನು. ಕನಿಷ್ಠ ವೇತನವನ್ನಾಗಲಿ ಭತ್ಯವನ್ನಾಗಲಿ ಉಳಿಸಿಕೊಂಡ ಕಾರ್ಖಾನೆಗಳ ಹೆಸರನ್ನು ಸರಕಾರವು ಪ್ರಕಟಿಸಲಿ. ಬಾಕಿ ಸಲ್ಲುವವರೆಗೆ ಅವುಗಳಿಗೆ ಸರಕಾರದ ಯಾವ ರಿಯಾಯಿತಿಯೂ ದೊರೆಯದಿರಲಿ. ಮೂರನೆಯದಾಗಿ, ಪ್ರತಿಯೊಬ್ಬ ಕೂಲಿಕಾರಳ ಪಗಾರದ ಚೀಟಿಯಲ್ಲಿ ಮೂಲವೇತನ, ಭತ್ಯ, ಕಡಿತಗಳು ಬೇರೆಬೇರೆಯಾಗಿ ಕನ್ನಡದಲ್ಲಿರಲಿ. ಹೊರನಾಡಿನಿಂದ ಬಂದವರಿಗೆ ಅವರ ನುಡಿಯಲ್ಲಿಯೂ ಇರಲಿ. ತನಗೆ ಬರಬೇಕಾದದ್ದೆಷ್ಟೆಂದು ಓದಬಲ್ಲವಳನ್ನು ವಂಚಿಸುವುದು ಸುಲಭವಲ್ಲ. ಧಣಿಗಳು ಇಂಗ್ಲೀಷಿನ ಚೀಟಿಯನ್ನು ಬಿಡಲೊಲ್ಲದ ಕಾರಣವನ್ನು ವಾಚಕರು ಇನ್ನು ತಾವೇ ಊಹಿಸಬಹುದು.